ನಲವತ್ತು ನಿಮಿಷದ ಎಚ್ಚರ

ಬುದ್ಧಿ ಸ್ಥಿಮಿತದಲ್ಲಿಲ್ಲದವನನ್ನು ಗಲ್ಲಿಗೇರಿಸುವಂತಿಲ್ಲ. ತಾನು ಯಾರು, ಏನು ಮಾಡಿದೆ, ಯಾತಕ್ಕೆ ಸಾಯುತ್ತಿದ್ದೇನೆ ಎಂದು ತಿಳಿಯದವನ ಕೊರಳಿಗೆ ಹಗ್ಗ ಹಾಕುವುದು ಅಮಾನವೀಯ ಎಂದು ಕಾನೂನು ಹೇಳುತ್ತದೆ. ನಾವು ಕಾನೂನನ್ನು ಬಹಳ ಗೌರವಿಸುವ ಜನ. ಆದ್ದರಿಂದ ಮೊದಲು ಅವನ ಹುಚ್ಚು ಬಿಡಿಸುತ್ತೇವೆ, ಆಮೇಲೆ ಹಗ್ಗ ಹಾಕುತ್ತೇವೆ. ಹುಚ್ಚು ಬಿಡಿಸುವ ಯಂತ್ರದ ಗುಂಡಿ ಒತ್ತುವವಳು ನಾನು.

ನನ್ನ ಹೆಸರು ಜಯಶೀಲಾ ಹಂಚಿನಾಳ. ಬಯಲುಸೀಮೆಯ ಒಂದು ಕೇಂದ್ರ ಕಾರಾಗೃಹದಲ್ಲಿ ಯಂತ್ರದ ಆಪರೇಟರ್. ನಾನು ಡಾಕ್ಟರಲ್ಲ, ಡಾಕ್ಟರು ಅಂದರೆ ಅರಕೇರಿ ಸಾಹೇಬರು, ಮನೋವೈದ್ಯರು, ನನ್ನ ಮೇಲಧಿಕಾರಿ. ಯಂತ್ರದ ಸರಕಾರಿ ಹೆಸರು ‘ಪ್ರಜ್ಞಾ’. ಹೆಸರಿಡುವುದರಲ್ಲಿ ಮಾತ್ರ ನಮ್ಮನ್ನು ಯಾರೂ ಮೀರಿಸಲಾರರು.

ನೋಡಲು ಅದು ಈಜುವವರು ಹಾಕಿಕೊಳ್ಳುವ ಟೋಪಿಯ ಹಾಗಿದೆ. ಒಳಗೆ ಅರವತ್ತನಾಲ್ಕು ಲೋಹದ ಬಿಲ್ಲೆಗಳು. ನಾವು ಮನಸ್ಸಿನೊಳಗೆ ಮಾತಾಡಿಕೊಳ್ಳುವಾಗ ‘ಇದು ನನ್ನದೇ ಮಾತು’ ಎಂಬ ಸೂಚನೆ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುತ್ತದಂತೆ. ಆ ಸೂಚನೆ ತಡವಾಗಿ ತಲುಪಿದರೆ ಸ್ವಂತ ಮಾತೇ ಯಾರೋ ಹೊರಗಿನವರ ಮಾತಾಗಿ ಕೇಳತೊಡಗುತ್ತದೆ. ಪ್ರಜ್ಞಾ ಸಣ್ಣ ಸಣ್ಣ ಮಿಡಿತಗಳನ್ನು ಕಳಿಸಿ ಆ ತಡವನ್ನು ಸರಿಪಡಿಸುತ್ತದೆ. ಆದರೆ ನಲವತ್ತು ನಿಮಿಷ ಮಾತ್ರ. ಅದಕ್ಕಿಂತ ಹೆಚ್ಚು ಓಡಿಸಿದರೆ ಮೆದುಳು ಬಿಸಿಯಾಗುತ್ತದೆ, ಮತ್ತೆ ಹಾಕಲು ಒಂದು ವಾರ ಬಿಡಬೇಕು. ಗಲ್ಲಿಗೇರಿಸುವ ದಿನವೂ ಈ ಟೋಪಿ ಹಾಕಿ, ಎಚ್ಚರ ಬಂದ ನಲವತ್ತು ನಿಮಿಷದೊಳಗೆ ಕೆಲಸ ಮುಗಿಸಬೇಕೆಂದು ನಿಯಮವಿದೆ.

ಇದನ್ನು ಕಂಡುಹಿಡಿದವರು ರೋಗಿಗಳಿಗೆಂದು ಕಂಡುಹಿಡಿದಿದ್ದರು. ಆಸ್ಪತ್ರೆಗಳಲ್ಲಿ ಇದಕ್ಕಾಗಿ ಕಾಯುತ್ತಿರುವವರ ಸಾಲು ಎಷ್ಟು ಉದ್ದವಿದೆಯೋ ನನಗೆ ಗೊತ್ತಿಲ್ಲ. ನಮ್ಮ ಜೈಲಿಗೆ ಮಾತ್ರ ಮೊದಲ ವರ್ಷವೇ ಎರಡು ಬಂದವು.

ಮೌನೇಶ ಚಿತ್ರಗಾರ ನಮ್ಮ ಯಂತ್ರದ ಕೋಣೆಗೆ ಬಂದಾಗ ಅವನಿಗೆ ಮೂವತ್ತೆಂಟು. ಲಾರಿಗಳ ಹಿಂದೆ, ಅಂಗಡಿಗಳ ಮುಂದೆ ಅಕ್ಷರ ಬರೆಯುತ್ತಿದ್ದ ಪೇಂಟರು. ಪಕ್ಕದ ಮನೆಯವರು ನೀರಿನ ಟಾಕಿಗೆ ವಿಷ ಬೆರೆಸುತ್ತಿದ್ದಾರೆಂದು ಧ್ವನಿಗಳು ಅವನಿಗೆ ಎರಡು ವರ್ಷ ಹೇಳಿದ್ದವು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಬ್ಬಿಣದ ಹಾರೆ ಹಿಡಿದು ಆ ಮನೆಗೆ ನುಗ್ಗಿದ. ಶಿವಪುತ್ರಪ್ಪ ಎಂಬ ಮುದುಕರು ಸತ್ತರು, ಅವರ ಸೊಸೆ ಸುಮಂಗಲಾ ಸತ್ತಳು. ಅದು ಸುಳ್ಳಲ್ಲ, ಸಣ್ಣದೂ ಅಲ್ಲ. ಆ ಮನೆಯವರ ಸಂಕಟವನ್ನು ಕಡಿಮೆ ಮಾಡಿ ಹೇಳಲು ನಾನು ಈ ಕಥೆ ಬರೆಯುತ್ತಿಲ್ಲ.

ಶಿಕ್ಷೆಯಾಯಿತು. ಆದರೆ ಅವನಿಗೆ ಏನೂ ತಿಳಿಯುವುದಿಲ್ಲವೆಂದು ಗಲ್ಲು ನಿಂತಿತ್ತು. ಬೇರೆಯವರು ಕುಡಿದು ತೋರಿಸದೆ ಅವನು ಒಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಹನ್ನೊಂದು ವರ್ಷ ಯಾರಾದರೊಬ್ಬ ವಾರ್ಡರು ಅವನ ಲೋಟದಿಂದ ಮೊದಲು ಒಂದು ಗುಟುಕು ಕುಡಿಯಬೇಕಿತ್ತು. ಪ್ರಜ್ಞಾ ಬಂದ ನಾಲ್ಕು ವರ್ಷಕ್ಕೆ ಅವನ ಸರದಿ ಬಂತು, ಹಳೆಯ ಕಡತ ಕಪಾಟಿನಿಂದ ಕೆಳಗಿಳಿಯಿತು.

ಯಂತ್ರ ಹದಕ್ಕೆ ಬರಲು ಒಂದು ‘ಆಧಾರ ಧ್ವನಿ’ ಬೇಕು. ರೋಗಿ ಚಿಕ್ಕಂದಿನಿಂದ ಕೇಳಿದ ಧ್ವನಿಯಾಗಿರಬೇಕು. ಅದು ಎದುರು ಕೂತು ಮಾತಾಡುತ್ತಿದ್ದರೆ ಮಿಡಿತಗಳು ಬೇಗ ಸರಿಹೊಂದುತ್ತವೆ. ಮೌನೇಶನಿಗೆ ಉಳಿದಿದ್ದವಳು ಅಕ್ಕ ಒಬ್ಬಳೇ. ಕೊಪ್ಪಳದ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್, ಹೆಸರು ದಾಕ್ಷಾಯಣಿ. ಅವಳಿಗೆ ಹೋದ ಪತ್ರದ ತಲೆಬರಹ ‘ಪುನಶ್ಚೇತನ ಕಾರ್ಯಕ್ರಮಕ್ಕೆ ಸಹಕಾರ’ ಎಂದಿತ್ತು.

ಮೊದಲ ಗುರುವಾರ ಅವಳು ಬಂದು ಕೂತಳು. ಐವತ್ತರ ಹತ್ತಿರದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ನೀರಿನ ಬಾಟಲಿ. ಮೌನೇಶ ಗೋಡೆ ನೋಡಿಕೊಂಡು ಗೊಣಗುತ್ತಿದ್ದ. ನಾನು ಅವನ ಬೋಳಿಸಿದ ತಲೆಗೆ ಬಿಲ್ಲೆಗಳು ಅಂಟುವಂತೆ ಲೋಳೆ ಹಚ್ಚಿ ಟೋಪಿ ಬಿಗಿದೆ. ನನ್ನ ಪರದೆಯಲ್ಲಿ ಎಚ್ಚರಾಂಕ ಹತ್ತೊಂಬತ್ತು ಇತ್ತು. ಎಪ್ಪತ್ತು ದಾಟಿದರೆ ಮನುಷ್ಯ ಎಚ್ಚರದಲ್ಲಿದ್ದಾನೆಂದು ಲೆಕ್ಕ. ಅವಳು ಊರಿನ ಸುದ್ದಿ ಹೇಳುತ್ತ ಹೋದಳು, ಅಂಕಿ ಏರುತ್ತ ಹೋಯಿತು. ಎಪ್ಪತ್ತೆರಡಕ್ಕೆ ಅವನ ಗೊಣಗಾಟ ನಿಂತಿತು. ಮೆಲ್ಲಗೆ ತಿರುಗಿ ಅವಳನ್ನು ನೋಡಿದ.

“ಅಕ್ಕ, ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು?” ಅಂದ.

ಅವಳು ಅಳಲಿಲ್ಲ. ಬಾಟಲಿ ತೆಗೆದು, “ನೀರು ಕುಡಿತೀಯೇನಪಾ?” ಎಂದು ಕೇಳಿದಳು. ಅವನು ಇಸಿದುಕೊಂಡು, ಯಾರೂ ಮೊದಲು ಕುಡಿಯದ ಆ ನೀರನ್ನು ಗಟಗಟ ಕುಡಿದುಬಿಟ್ಟ. ಬಾಗಿಲಲ್ಲಿ ನಿಂತಿದ್ದ ವಾರ್ಡರು ಕಣ್ಣೊರೆಸಿಕೊಂಡರು. ನಲವತ್ತು ನಿಮಿಷ ಮುಗಿದು ಅಂಕಿ ಇಳಿದಾಗ ಅವನು ಗಂಟಲಿಗೆ ಬೆರಳು ಹಾಕಿ, ಕುಡಿದದ್ದನ್ನೆಲ್ಲ ಅವಳ ಸೀರೆಯ ಮೇಲೆ ಕಾರಿಕೊಂಡ.

“ಇರ್ಲಿ ಬಿಡ್ರಿ ಮೇಡಂ,” ಎಂದು ಅವಳು ಸೆರಗು ಹಿಂಡುತ್ತ ನಗುತ್ತಿದ್ದಳು. “ಒಮ್ಮಿಗೇ ಎಲ್ಲಾ ವಾಸಿ ಆಗ್ತದೇನ್ರಿ? ಇಷ್ಟರ ಆತಲ್ಲ.”

ಆ ಸಂಜೆ ಮನೆಯಲ್ಲಿ ಮಗಳು ಚಿನ್ಮಯಿ ಜಡೆ ಹಾಕಿಸಿಕೊಳ್ಳಲು ಎದುರು ಕೂತಳು. ಎಣ್ಣೆ ಹಚ್ಚಲು ಅವಳ ನೆತ್ತಿಗೆ ಬೆರಳಿಟ್ಟವಳು ತಟ್ಟನೆ ಎದ್ದು ಬಚ್ಚಲಿಗೆ ಓಡಿದೆ. ಆ ಲೋಳೆಗೆ ಹಸಿ ಕರ್ಪೂರದಂಥ ವಾಸನೆ. ಮೂರು ಸಲ ಸೋಪು ಹಚ್ಚಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು. ಗಂಡ ಪ್ರಭಾಕರ ಬಚ್ಚಲ ಬಾಗಿಲಿಗೆ ಬಂದು ನಿಂತರು.

“ಏನಾತು?”

“ಅವ ಇವತ್ತ ಅಕ್ಕನ ಗುರ್ತ ಹಿಡದ.”

“ಛಲೋ ಆತಲ್ಲ.”

“ಛಲೋ ಆದಷ್ಟು ಲಗೂನ ಅವನ್ನ ಕೊಲ್ತಾರ್ರಿ.”

ಪ್ರಭಾಕರ ಒಳ್ಳೆಯವರು, ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾರೆ. “ನೀ ಏನ್ ತೀರ್ಪು ಕೊಡ್ತಿಯೇನ?” ಎಂದರು. “ಗುಂಡಿ ಒತ್ತತಿ, ಅಂಕಿ ಹೇಳ್ತಿ. ಅಷ್ಟ ನಿನ್ನ ಕೆಲಸ.” ಇದೇ ಮಾತನ್ನು ನಾಲ್ಕು ವರ್ಷದಿಂದ ನಾನೂ ನನಗೆ ಹೇಳಿಕೊಂಡಿದ್ದೆ. ಅವರ ಬಾಯಲ್ಲಿ ಕೇಳಿದಾಗ ಮಾತ್ರ ಅಸಹ್ಯವಾಯಿತು.

ಅರ್ಹತಾ ಪರೀಕ್ಷೆಯಲ್ಲಿ ಐದು ಪ್ರಶ್ನೆಗಳಿರುತ್ತವೆ. ಅರ್ಹತೆ ಅಂದರೆ ಸಾಯಲು ಅರ್ಹತೆ. ಆ ಪದವನ್ನು ಬರೆದ ಕೈಗೆ ಹುಳ ಬೀಳಲಿ. ನಿನ್ನ ಹೆಸರೇನು? ನೀನು ಏನು ಮಾಡಿದೆ? ಸತ್ತವರು ಯಾರು? ನಿನಗೆ ಆಗಿರುವ ಶಿಕ್ಷೆ ಏನು? ಆ ಶಿಕ್ಷೆ ಆದ ಮೇಲೆ ನಿನಗೆ ಏನಾಗುತ್ತದೆ? ಐದಕ್ಕೂ ಎಚ್ಚರದಲ್ಲಿದ್ದು ಸರಿಯಾಗಿ ಉತ್ತರಿಸಬೇಕು. ಪ್ರತಿ ಗುರುವಾರ ಅರಕೇರಿ ಸಾಹೇಬರು ಅಭ್ಯಾಸಕ್ಕೆಂದು ಕೇಳುತ್ತಿದ್ದರು. ಹನ್ನೊಂದು ವರ್ಷ ಒಂದರ ಹಿಂದೊಂದು ಯೋಚಿಸುವ ರೂಢಿಯೇ ತಪ್ಪಿದ್ದ ಮೌನೇಶ ಎರಡಕ್ಕೋ ಮೂರಕ್ಕೋ ತಡವರಿಸುತ್ತಿದ್ದ. ಐದನೆಯದಕ್ಕಂತೂ ಪ್ರತಿಸಲ ಒಂದೇ ಉತ್ತರ.

“ಅಕ್ಕನ ಮನಿಗೆ ಹೋಗ್ತೀನ್ರಿ.”

ಅರಕೇರಿ ಸಾಹೇಬರು ‘ತಪ್ಪು’ ಎಂದು ಬರೆದುಕೊಳ್ಳುತ್ತಿದ್ದರು. ದಾಕ್ಷಾಯಣಿ ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ನಾಲ್ಕನೇ ಗುರುವಾರ ಅವಳು ಚೀಲದಿಂದ ನೀಲಿ ಬಾಲ್‌ಪೆನ್ನು ತೆಗೆದಳು.

“ತಮ್ಮಾ, ಇಲ್ಲಿ ನೋಡು. ಸಾಹೇಬ್ರು ಕೇಳಿದ್ದನ್ನ ನಾ ಕೇಳ್ತೀನಿ. ಸರಿ ಹೇಳಿದ್ರ ಕೈ ಮ್ಯಾಲ ಸ್ಟಾರ್. ನಮ್ಮ ಹುಡುಗೂರಿಗೆ ಹಂಗ ಕೊಡ್ತೀನಿ.”

ಅವನು ನಾಚಿಕೊಂಡು ನಕ್ಕ. ಅವಳು ತೊಡೆ ತಟ್ಟಿ ತಾಳ ಹಾಕುತ್ತ, ಅಂಗನವಾಡಿಯಲ್ಲಿ ವಾರಗಳ ಹೆಸರು ಹೇಳಿಕೊಡುವ ಹಾಗೆಯೇ ಹೇಳಿಕೊಟ್ಟಳು. ನನ್ನ ಹೆಸರು ಮೌನೇಶ. ನಾ ಇಬ್ಬರನ್ನ ಕೊಂದೀನಿ. ಸತ್ತವರು ಶಿವಪುತ್ರಪ್ಪ ಕಾಕಾ, ಸುಮಂಗಲಾ ವೈನಿ. ನನಗ ಗಲ್ಲು ಆಗೇತಿ. ಗಲ್ಲಾದ ಮ್ಯಾಲೆ ಸಾಯ್ತೀನಿ, ತಿರುಗಿ ಬರೂದಿಲ್ಲ. ಒಂದೊಂದು ಸರಿ ಉತ್ತರಕ್ಕೂ ಅವನ ಮುಂಗೈ ಮೇಲೆ ಒಂದು ಸಣ್ಣ ನಕ್ಷತ್ರ ಬಿಡಿಸಿದಳು. ಆ ದಿನ ಮೂರು ಆದವು, ಮುಂದಿನ ವಾರ ನಾಲ್ಕು, ಅದರ ಮುಂದಿನ ವಾರ ಐದು. ಅವನು ಬಲ್ಬಿನ ಬೆಳಕಿಗೆ ಕೈ ಹಿಡಿದು ನೋಡಿಕೊಂಡ.

ನನಗೆ ಮೈಯೆಲ್ಲ ಹೇಸಿಗೆ ಮೆತ್ತಿದಂತಾಯಿತು. ಅವಳು ಹೊರಟಾಗ ಹಿಂದೆಯೇ ಹೋಗಿ ಕೇಳಿದೆ, “ಇದನ್ನ ಯಾಕ ಕಲಿಸಾಕತ್ತೀರಿ?”

“ಪಾಸಾಗಬೇಕಲ್ರಿ ಮೇಡಂ!” ಎಂದಳು. “ಶ್ಯಾಣ್ಯಾ ಆಗ್ಯಾನೋ ಇಲ್ಲೋ ಅಂತ ತಾನ ಕೇಳೂದು? ಸಾವು ಅಂದ್ರ ಏನು ಅಂತ ಗೊತ್ತಿದ್ರ ಬುದ್ಧಿ ಬಂತು ಅಂತ ಲೆಕ್ಕ. ಬುದ್ಧಿ ಬಂದವ್ನ ಹುಚ್ಚರ ವಾರ್ಡಿನ್ಯಾಗ ಯಾಕ ಇಟಗೋತಾರ? ಕೋರ್ಟು ಕನಿಕರ ಪಟ್ಟು ಅವನ ಗಲ್ಲು ಆವಾಗನ ಬಿಟ್ಟೈತಿ. ಪಾಸಾದ್ರ ಇಂದಿಲ್ಲ ನಾಳಿಗೆ ಮನಿಗೆ ಕಳಸ್ತಾರ.”

ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ಅವಳು. ಪಾಸಾದವರು ಮುಂದಿನ ತರಗತಿಗೆ ಹೋಗುವುದನ್ನಷ್ಟೇ ಕಂಡಿದ್ದಳು. ಪಾಸಾದವನನ್ನು ಕೊಲ್ಲುವ ಪರೀಕ್ಷೆಯೊಂದನ್ನು ಯಾರಾದರೂ ಮಾಡಿಯಾರೆಂದು ಅವಳ ತಲೆಗೆ ಹೊಳೆಯುವುದಾದರೂ ಹೇಗೆ?

ನಾನು ಅರಕೇರಿ ಸಾಹೇಬರ ಕೋಣೆಗೆ ಹೋದೆ. ಅವರು ಸಿಹಿ ಪೇರಲಹಣ್ಣು ಹೆಚ್ಚಿಕೊಂಡು ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರು.

“ಸರ್, ಆ ಹೆಣ್ಮಗಳಿಗೆ ಇದು ಏನಂತ ಗೊತ್ತಿಲ್ಲ.”

“ಗೊತ್ತಿದ್ದರೆ ಬರ್ತಿದ್ದಳೇನು?” ಅಂದರು. “ನಾವೇನು ಸುಳ್ಳು ಹೇಳಿದೀವಾ? ಪತ್ರದಾಗ ಒಂದಕ್ಷರ ಸುಳ್ಳಿಲ್ಲ. ಕೇಳಿದ್ದರೆ ಹೇಳ್ತಿದ್ವಿ. ಆಕೆ ಕೇಳಲಿಲ್ಲ.” ಒಂದು ಹೋಳನ್ನು ನನ್ನ ಕಡೆ ಚಾಚಿದರು. “ತಗೋರಿ. ಭಾಳ ಛಲೋ ಟೀಚರ್ ಆಕಿ. ನಮಗ ಆರು ತಿಂಗಳು ಹಿಡಿಯೋ ಕೆಲಸ ಆರು ವಾರಕ್ಕ ಮುಗಿಸಿದಳು. ಮುಂದಿನ ಗುರುವಾರ ಮ್ಯಾಜಿಸ್ಟ್ರೇಟರನ್ನ ಕರೆಸ್ತೀನಿ.”

ನಾನು ಆ ಹೋಳನ್ನು ತೆಗೆದುಕೊಂಡೆ. ತಿನ್ನಲಿಲ್ಲ, ಆದರೆ ತೆಗೆದುಕೊಂಡೆ. ಹೊರಗೆ ಬಂದು ಕಸದ ಬುಟ್ಟಿಗೆ ಹಾಕಿದೆ.

ಪರೀಕ್ಷೆಯ ಹಿಂದಿನ ದಿನ ದಾಕ್ಷಾಯಣಿ ಊರಿಂದ ಬಂದಿಳಿಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಗೌಪ್ಯತೆಗೆ ಸಹಿ ಹಾಕಿದವಳು ನಾನು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತು.

“ಅಂದ್ರ ನಾನ ಕಲಿಸೀನಿ,” ಎಂದಳು ಕೊನೆಗೆ. “ಸಾಯಾಕ ನಾನ ಕಲಿಸೀನಿ.”

“ನಿಮಗ ಗೊತ್ತಿರಲಿಲ್ಲ.”

“ನಾಳಿ ನಾ ಬರದಿದ್ರ?”

“ಆರು ವಾರದ ನಿಮ್ಮ ಧ್ವನಿ ರೆಕಾರ್ಡ್ ಮಾಡಿಕೊಂಡಾರ. ನೀವು ಬರದಿದ್ರೂ ನಡೀತದ.”

ಅವಳು ಚಹಾ ಲೋಟವನ್ನು ಬೆಂಚಿನ ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. “ನೀವು ಏನರ ಮಾಡಬಹುದೇನ್ರಿ?” ಎಂದಳು.

ಮಾಡಬಹುದಿತ್ತು. ಕಾಯ್ದೆ ಬರೆದವರಿಗೆ ಯಂತ್ರದ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಎಚ್ಚರಾಂಕ ನನ್ನ ಪರದೆಯ ಮೇಲೆ ಮಾತ್ರ ಕಾಣುತ್ತದೆ. ಆಪರೇಟರ್ ಬಾಯಿಬಿಟ್ಟು ಹೇಳಿದ್ದನ್ನೇ ಮ್ಯಾಜಿಸ್ಟ್ರೇಟರು ಬರೆದುಕೊಳ್ಳಬೇಕು. ನಾನು ಒಮ್ಮೆ ‘ಅರವತ್ತು’ ಎಂದರೆ ಸಾಕು, ಅವನು ಅನರ್ಹ. ಮೂರು ಸಲ ಅನರ್ಹನಾದರೆ ಕಡತ ಮತ್ತೆ ಕಪಾಟಿಗೆ.

“ನಾ ನೋಡ್ಕೋತೀನಿ, ದಾಕ್ಷಕ್ಕ,” ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

ಗುರುವಾರ ಹನ್ನೊಂದು ಗಂಟೆ. ಮ್ಯಾಜಿಸ್ಟ್ರೇಟರು ನಡುವಯಸ್ಸಿನವರು, ನೆಗಡಿಯಾಗಿತ್ತು, ಪದೇಪದೇ ಮೂಗು ಒರೆಸಿಕೊಳ್ಳುತ್ತಿದ್ದರು. ಅರಕೇರಿ ಸಾಹೇಬರು ನನ್ನ ಪಕ್ಕದಲ್ಲಿ ಕೂತರು, ಪರದೆ ಕಾಣದಷ್ಟು ದೂರದಲ್ಲಿ. ದಾಕ್ಷಾಯಣಿ ತಮ್ಮನ ಎದುರು. ಎಂಟು ನಿಮಿಷದಲ್ಲಿ ಅಂಕಿ ಎಪ್ಪತ್ತು ದಾಟಿತು. ಮೌನೇಶ ಅಕ್ಕನನ್ನು ನೋಡಿ ನಕ್ಕು, ಮೇಜಿನ ಮೇಲೆ ಮುಂಗೈ ಚಾಚಿಟ್ಟ.

“ನಿನ್ನ ಹೆಸರು?”

“ಮೌನೇಶ ರೀ.”

ಅವಳು ಪೆನ್ನು ಎತ್ತಲಿಲ್ಲ. ಮಡಿಲಲ್ಲಿ ಮುಷ್ಟಿ ಬಿಗಿದು ಕೂತಿದ್ದಳು. ಅವನು ಖಾಲಿ ಮುಂಗೈ ನೋಡಿಕೊಂಡ. ಉತ್ತರ ಸಾಲಲಿಲ್ಲವೆಂದುಕೊಂಡನೋ ಏನೋ, “ಮೌನೇಶ ಚಿತ್ರಗಾರ ರೀ. ಅಪ್ಪನ ಹೆಸರು ದೇವೇಂದ್ರಪ್ಪ. ಅವ್ವ ಗಂಗವ್ವ,” ಎಂದ.

“ಎಚ್ಚರ?” ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು.

“ಎಪ್ಪತ್ತೆಂಟು,” ಎಂದೆ. ಐದೂ ಪ್ರಶ್ನೆಗೆ ಎಚ್ಚರ ಬೇಕಲ್ಲ, ಕೊನೆಯದಕ್ಕೆ ಕಡಿಮೆ ಹೇಳಿದರಾಯಿತು, ಈಗಲೇ ಸಂಶಯ ಬರುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಮೂರಕ್ಕೂ ಹೀಗೇ ಆಯಿತು. ಅವಳು ನಕ್ಷತ್ರ ಕೊಡಲಿಲ್ಲ, ಅವನು ಮತ್ತಷ್ಟು ಮತ್ತಷ್ಟು ಸರಿಯಾಗಿ ಹೇಳುತ್ತ ಹೋದ. ಸತ್ತವರು ಯಾರೆಂದಾಗ ಹೆಸರು ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಖಾಲಿ ಕೈ ನೋಡಿ ಮುಂದುವರಿದ. “ಶಿವಪುತ್ರಪ್ಪ ಕಾಕಾ ನನಗ ಬೋರ್ಡ್ ಬರೆಯೂ ಮೊದಲನೇ ಕೆಲಸ ಕೊಟ್ಟಿದ್ದ ರೀ. ಅವರ ಕಿರಾಣಿ ಅಂಗಡಿದು. ಸುಮಂಗಲಾ ವೈನಿ ಎರಡೂ ಹೊತ್ತು ಚಹಾ ಕಳಸತಿದ್ರು. ನೀರಿನ್ಯಾಗ ಏನೂ ಇರಲಿಲ್ರಿ. ಅವ್ರು ಏನೂ ಹಾಕಿರಲಿಲ್ಲ.” ಅಷ್ಟು ಹೇಳಿ ಮೇಜಿಗೆ ಹಣೆ ಹಚ್ಚಿ ಅತ್ತ. ಮ್ಯಾಜಿಸ್ಟ್ರೇಟರು ಬರೆದುಕೊಂಡರು. ಅಕ್ಕ ಉಳಿಸಲು ಮಾಡಿದ್ದೇ ಅವನನ್ನು ಪಾಸು ಮಾಡಿಸುತ್ತಿತ್ತು. ನಾನು ಎಂಬತ್ತೆರಡು, ಎಂಬತ್ತು, ಎಂಬತ್ತನಾಲ್ಕು ಎಂದೆ.

“ಕೊನೆಯದು. ಗಲ್ಲಿಗೇರಿಸಿದ ಮೇಲೆ ನಿನಗೆ ಏನಾಗುತ್ತದೆ?”

ಅವನು ಬಾಯಿ ತೆರೆದ. ಕಲಿಸಿದ ಉತ್ತರ ತುಟಿಯ ಮೇಲಿತ್ತು. ಆಗ ಅವನ ಕಣ್ಣು ಅಕ್ಕನ ಮುಖದ ಮೇಲೆ ನಿಂತಿತು. ಅವಳು ಸದ್ದಿಲ್ಲದೆ ಅಳುತ್ತಿದ್ದಳು. ಖಾಲಿ ಮುಂಗೈಯನ್ನೊಮ್ಮೆ, ಅವಳ ಮುಷ್ಟಿಯೊಳಗಿನ ಪೆನ್ನನ್ನೊಮ್ಮೆ, ಮ್ಯಾಜಿಸ್ಟ್ರೇಟರ ಕಾಗದವನ್ನೊಮ್ಮೆ ನೋಡಿದ. ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಅದು ಕೂಡಿಕೊಂಡಿದ್ದು ನನ್ನ ಪರದೆಯಲ್ಲೂ ಕಂಡಿತು.

“ಅಕ್ಕನ ಮನಿಗೆ ಹೋಗ್ತೀನ್ರಿ,” ಎಂದ, ಮೆತ್ತಗೆ.

ದಾಕ್ಷಾಯಣಿ ಅವನ ಕೈಯನ್ನು ಬಾಚಿ ಎಳೆದುಕೊಂಡು ನಕ್ಷತ್ರ ಬಿಡಿಸಿದಳು. ಕೈ ನಡುಗಿ ಅದು ಸೊಟ್ಟಗಾಯಿತು.

ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿದರು. “ತಪ್ಪು ಉತ್ತರ. ಹಾಗಾದರೆ ಈ ಸಲ ಅನರ್ಹ.” ನಾನು ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ, ಇವರಿಬ್ಬರೂ ತಾವೇ ದಾಟಿಕೊಂಡರು ಎಂದು ಖುಷಿಪಟ್ಟೆ. ಆ ಖುಷಿಯನ್ನು ನೆನೆದರೆ ಈಗಲೂ ಮೈಮೇಲೆ ಹಲ್ಲಿ ಹರಿದಾಡಿದಂತಾಗುತ್ತದೆ.

“ಒಂದು ನಿಮಿಷ ಸರ್,” ಅರಕೇರಿ ಸಾಹೇಬರು ಎದ್ದು ನಿಂತರು. “ನಿಯಮ ಹದಿನಾಲ್ಕು. ಎಚ್ಚರಾಂಕ ಎಂಬತ್ತೈದರ ಮೇಲಿದ್ದಾಗ ತಪ್ಪು ಉತ್ತರ ಕೊಟ್ಟರೆ ಅದು ಬೇಕೆಂದೇ ಕೊಟ್ಟದ್ದು. ಜೀವ ಉಳಿಸಿಕೊಳ್ಳಲು ಸುಳ್ಳು ಹೇಳುವವನಿಗೆ ಸಾವು ಅಂದರೇನು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆ. ಅದೂ ಅರ್ಹತೆಯೇ. ಆಪರೇಟರನ್ನ ಕೇಳಿ.”

ಮ್ಯಾಜಿಸ್ಟ್ರೇಟರು ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಎಷ್ಟಿತ್ತು?”

ಪರದೆಯ ಮೇಲೆ ತೊಂಬತ್ತೊಂದು ಇತ್ತು. ನಾಲ್ಕು ವರ್ಷದಲ್ಲಿ ಯಾರ ತಲೆಯಲ್ಲೂ ನಾನು ಕಾಣದ ಅಂಕಿ. ಎಂಬತ್ತೈದನ್ನೇ ಯಾರೂ ದಾಟಿರದಿದ್ದರಿಂದ ಆ ನಿಯಮ ನನಗೆ ನೆನಪೇ ಇರಲಿಲ್ಲ. ಇನ್ನೊಬ್ಬರ ಕಣ್ಣೀರು ನೋಡಿ, ಅವರಿಗೆ ಏನು ಬೇಕೆಂದು ತಿಳಿದು ಮಾತಾಡುವಾಗ ಮೆದುಳು ಅಷ್ಟು ಬೆಳಗುತ್ತದೆಂದು ನನಗೆ ಗೊತ್ತಿರಲಿಲ್ಲ. ದಾಕ್ಷಾಯಣಿ ನನ್ನನ್ನೇ ನೋಡುತ್ತಿದ್ದಳು. ಅರವತ್ತು ಎನ್ನಬೇಕಿತ್ತು. ಎಂಬತ್ತು ಅಂದಿದ್ದರೂ ಸಾಕಿತ್ತು. ಪಕ್ಕದಲ್ಲಿ ಅರಕೇರಿ ಸಾಹೇಬರ ಉಸಿರಾಟ ಕೇಳುತ್ತಿತ್ತು. ಒಂದನೇ ತರಗತಿಯಿಂದ ಕೇಳಿದ ಪ್ರಶ್ನೆಗೆ ಸರಿ ಉತ್ತರ ಹೇಳಿ ಹೇಳಿ ಹೊಗಳಿಸಿಕೊಂಡ ಬಾಯಿ ನನ್ನದು.

“ತೊಂಬತ್ತೊಂದು ಸರ್,” ಎಂದೆ.

ಅವರು ‘ಅರ್ಹ’ ಎಂದು ಬರೆದು ಸಹಿ ಮಾಡಿದರು. ಮುಂದಿನ ತಿಂಗಳ ಹದಿನಾರಕ್ಕೆ ದಿನ ಗೊತ್ತಾಯಿತು. ಎಲ್ಲರೂ ಎದ್ದು ಹೋದರು. ಟೋಪಿ ಬಿಚ್ಚಲು ನಾನು ಕೈ ಹಾಕಿದಾಗ ದಾಕ್ಷಾಯಣಿ, “ಇನ್ನ ಎಷ್ಟ ನಿಮಿಷ ಐತ್ರಿ?” ಎಂದಳು. ಹನ್ನೊಂದು ಎಂದೆ. “ಇರ್ಲಿ ಬಿಡ್ರಿ,” ಎಂದಳು.

ಅವಳು ಬಾಟಲಿ ಕೊಟ್ಟಳು, ಅವನು ನೀರು ಕುಡಿದ. ಸೊಟ್ಟ ನಕ್ಷತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಸುಳ್ಳಿಗೂ ಸ್ಟಾರ್ ಕೊಟ್ಟಿ ಅಲ್ಲಕ್ಕ ನೀ,” ಎಂದು ಛೇಡಿಸಿದ. ಅವಳು ನಕ್ಕಳು. ಸುಮಂಗಲಾ ವೈನಿಯ ಮಗಳು ಈಗ ಎಷ್ಟು ದೊಡ್ಡವಳಾಗಿದ್ದಾಳೆಂದು ಕೇಳಿದ. ಕಾಲೇಜಿಗೆ ಹೋಗುತ್ತಾಳೆ ಎಂದಳು. ಆಮೇಲೆ ಅಂಕಿ ಇಳಿಯತೊಡಗಿತು. ಅವನು ಬಾಟಲಿಯನ್ನು ಗೋಡೆಗೆ ಎಸೆದು ಮೂಲೆಗೆ ಸರಿದುಕೊಂಡ.

ವಾರ್ಡರು ಅವನನ್ನು ಕರೆದೊಯ್ದರು. ನಾನು ಟೋಪಿಯ ಲೋಳೆ ಒರೆಸುತ್ತ ನಿಂತಿದ್ದೆ. ಹದಿನಾರನೆಯ ತಾರೀಕು ಇದನ್ನು ಅವನಿಗೆ ಹಾಕಬೇಕಾದವಳೂ ನಾನೇ. ದಾಕ್ಷಾಯಣಿ ಚೀಲ ಹೆಗಲಿಗೇರಿಸಿಕೊಂಡು ನನ್ನ ಹತ್ತಿರ ಬಂದಳು. ಅವಳು ನನ್ನ ಬಲಗೈಯನ್ನು ತೆಗೆದುಕೊಂಡು, ಅಂಟಿದ್ದ ಲೋಳೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಪೆನ್ನು ತೆಗೆದಳು.

ಈ ಸಲ ಅವಳ ಕೈ ನಡುಗಲಿಲ್ಲ. ಐದು ಮೂಲೆಯನ್ನೂ ನಿಧಾನವಾಗಿ ಕೂಡಿಸಿ ನನ್ನ ಮುಂಗೈ ಮೇಲೆ ಒಂದು ಚೆಂದದ ನಕ್ಷತ್ರ ಬಿಡಿಸಿದಳು.

“ಸರಿ ಉತ್ತರ ಹೇಳಿದ್ರಿ, ಮೇಡಂ,” ಎಂದಳು.